ಮಾವಾರ ಬಾಡಿ ಅರ್ತ್

ಕೊಟ್ರಪ್ಪನ ಕಾರಿನಲ್ಲಿ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತಿತ್ತು. ಇಂಡಿಕೇಟರ್ ಹಾಕಿದರೆ ವೈಪರ್ ಅರ್ಧ ಎದ್ದು, ಯಾಕೆ ಎದ್ದೆ ಅನ್ನೋದನ್ನ ಮರೆತು, ಮತ್ತೆ ಮಲಗುತ್ತಿತ್ತು. ಹಾರ್ನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಬಲಕ್ಕೆ ತಿರುಗಬೇಕಾದರೆ ಕೊಟ್ರಪ್ಪ ತಾನೇ ಕೈ ಹೊರಗೆ ಹಾಕುತ್ತಿದ್ದ. ಎಡಕ್ಕೆ ತಿರುಗಬೇಕಾದರೆ ಪಕ್ಕದಲ್ಲಿ ಹೆಂಡತಿ ಉಮಾಮಹೇಶ್ವರಿ ಕೂತಿರಬೇಕಿತ್ತು. ಆಕೆ ಬರಲಾಗದ ದಿನ ಮನುಷ್ಯ ಎಡಕ್ಕೆ ತಿರುಗುವ ಕೆಲಸವನ್ನೇ ಇಟ್ಟುಕೊಳ್ಳುತ್ತಿರಲಿಲ್ಲ. ಹೀಗೆ ಮೈಲಾಪೂರಿನ ಅರ್ಧ ಭಾಗ ಅವನಿಗೆ ಗೊತ್ತೇ ಇರಲಿಲ್ಲ ಅಂದರೆ ಉತ್ಪ್ರೇಕ್ಷೆ ಅಲ್ಲ.

ಕಾರು ಹಳೆಯದು, ಬಿಳಿಯದು, ಮೂಲತಃ ಅವನ ಮಾವ ಹೊಸಪೇಟೆಯ ಅಂದಾನೆಪ್ಪನವರದು. ಎಂಬತ್ತು ದಾಟಿದ ಈ ಹಿರಿಯರು ಕಾರನ್ನು ದೊಡ್ಡ ಅಳಿಯನ ಕೈಗೆ ಒಪ್ಪಿಸುವಾಗ ಒಂದೇ ಒಂದು ಕಟ್ಟಪ್ಪಣೆ ಮಾಡಿದ್ದರು. "ಇದಕ್ಕ ಅದು-ಇದು ಅನ್ನಬ್ಯಾಡ್ರಿ. ನನ್ನ ಸಂಸಾರ ಹೊತ್ತ ಗಾಡಿ. ಮರ್ಯಾದಿಯಿಂದ ಮಾತಾಡಸ್ರಿ." ಕೊಟ್ರಪ್ಪ ಮೊದಲೇ ಮಾವನೆಂದರೆ ಎದ್ದು ನಿಲ್ಲುವ ಪೈಕಿ. ಅಂದಿನಿಂದ ಕಾರಿಗೆ ಬಹುವಚನ ಶುರುವಾಯಿತು. "ಮಾವಾರ ಗಾಡಿ" ಅನ್ನುವುದು ಸವೆದು ಸವೆದು ಬರೀ "ಮಾವಾರು" ಆಯಿತು. ಬೆಳಗ್ಗೆ ಉಮಾಮಹೇಶ್ವರಿ ಅಡುಗೆಮನೆಯಿಂದ, "ಏನ್ರೀ, ಮಾವಾರು ಸ್ಟಾರ್ಟ್ ಆದ್ರೇನ್ರೀ?" ಅಂದರೆ ಕೊಟ್ರಪ್ಪ ಕೆಳಗಿನಿಂದ, "ಇನ್ನೂ ಇಲ್ಲ, ಕೆಮ್ಮಾಕತ್ತಾರ!" ಅನ್ನುತ್ತಿದ್ದ. ಇದೆಲ್ಲ ಮನೆಯೊಳಗಿನ ಮಾತು. ಹೊರಗಿನವರಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಕಾರಣವೂ ಇರಲಿಲ್ಲ, ಆ ಭಾನುವಾರದವರೆಗೆ.

ಅಂದಾನೆಪ್ಪನವರಿಗೆ ಇನ್ನೊಬ್ಬ ಅಳಿಯ. ಕುಮಾರಸ್ವಾಮಿ, ಅಡ್ಯಾರಿನಲ್ಲಿ ಆಫೀಸು ಇಟ್ಟುಕೊಂಡ ಆರ್ಕಿಟೆಕ್ಟು. ಹಳೇ ಕಾರನ್ನು ಪಾಲಿಶ್ ಮಾಡಿಸಿ, ಆಫೀಸಿನ ಗೇಟಿನೊಳಗೆ ಲೈಟು ಬಿಟ್ಟು ನಿಲ್ಲಿಸಿದರೆ ಗಿರಾಕಿಗಳು ಬೆರಗಾಗುತ್ತಾರೆ ಅಂತ ಅವನ ಲೆಕ್ಕಾಚಾರ. ಮಾವನಿಗೆ ಫೋನ್ ಮಾಡಿದಾಗಲೆಲ್ಲ ಒಂದು ಹನಿ ವಿಷ ಬಿಡುತ್ತಿದ್ದ. ಅದು ಕೆಲಸ ಮಾಡಿತು. ಒಂದು ಸಂಜೆ ಹೊಸಪೇಟೆಯಿಂದ ಕೊಟ್ರಪ್ಪನಿಗೆ ಫೋನ್ ಬಂತು.

"ಅವರ ವೈರಿಂಗ್ ಪೂರ್ತಿ ಹೋಗೇತಂತಲ್ಲ? ಸಣ್ಣ ಅಳಿಯಾರು ಅಂದ್ರು."

"ಛೇ ಛೇ! ಯಾರ್ರೀ ಹೇಳಿದ್ದು? ವೈರಿಂಗ್ ಎಲ್ಲಾ ಈಗ ನಾನ ನೋಡ್ಕೊಂತೀನ್ರಿ ಮಾವಾರ. ಕಲ್ತುಬಿಟ್ಟೀನಿ!" ಅಂದ ಕೊಟ್ರಪ್ಪ. ಅಗರಬತ್ತಿ ಏಜೆನ್ಸಿ ನಡೆಸುವ ಮನುಷ್ಯ. ಅಲ್ಲಿಯವರೆಗೆ ಮನೆಯಲ್ಲಿ ಟ್ಯೂಬ್‌ಲೈಟ್ ಕೆಟ್ಟರೂ ಕುರ್ಚಿ ಹಿಡಿದುಕೊಳ್ಳುವುದಷ್ಟೇ ಅವನ ಪಾಲಿನ ಕೆಲಸವಾಗಿತ್ತು.

"ಹಂಗಾದ್ರ ಭಾನುವಾರ ಬರ್ತೀನಿ. ಸೆಂಟ್ರಲ್ ಸ್ಟೇಷನ್ನಿಂದ ಮನಿಗೆ ಅವರಾಗ ಕರ್ಕೊಂಡು ಹೋಗ್ರಿ. ದಾರ್ಯಾಗ ನಿಂತ್ರಂದ್ರ, ಅವರು ಸಣ್ಣ ಅಳಿಯಾರ ಮನಿಗೆ ಹೋಗ್ತಾರ. ಮುಗೀತು."

ಕೊಟ್ರಪ್ಪನಿಗೆ ಅನ್ನ ಸೇರಲಿಲ್ಲ. ಆ ಕಾರಿನ ಮೇಲೆ ಅವನಿಗೆ ನಿಜವಾಗಿ ಜೀವ. ಮಗಳು ಬಿಂದುವನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಅದರಲ್ಲೇ. ಅದು ಅಡ್ಯಾರಿನಲ್ಲಿ ಗೊಂಬೆಯ ಹಾಗೆ ನಿಂತು ಕಂಡವರಿಂದ ಸೆಲ್ಫಿ ತೆಗೆಸಿಕೊಳ್ಳುವುದನ್ನು ನೆನೆದಾಗಲೆಲ್ಲ ಕೆಳಗಿಳಿದು ಅದರ ಬಾಗಿಲು ಲಾಕ್ ಆಗಿದೆಯೇ ಅಂತ ನೋಡಿ ಬರುತ್ತಿದ್ದ.

ಮರುದಿನವೇ ಒಂದು ಮಲ್ಟಿಮೀಟರ್ ಬಂತು. ಹಳದಿ ಡಬ್ಬಿ, ಒಂದು ಕೆಂಪು ಕಡ್ಡಿ, ಒಂದು ಕರಿ ಕಡ್ಡಿ. ಕೊಟ್ರಪ್ಪ ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ ಅಪಾರ್ಟ್‌ಮೆಂಟಿನ ಕೆಳಗೆ ಬಾನೆಟ್ ಎತ್ತಿ ನಿಂತ. ಫ್ಯೂಸುಗಳನ್ನು ಒಂದೊಂದೇ ತೆಗೆದು ಒರೆಸಿ ಮತ್ತೆ ಹಾಕಿದ. ಎರಡು ಅದಲು ಬದಲಾದವು. ಆಮೇಲೆ ಬ್ರೇಕ್ ಒತ್ತಿದರೆ ರೇಡಿಯೋ ಹಾಡತೊಡಗಿತು. ಕಾಲೇಜಿಗೆ ಹೊರಟಿದ್ದ ಬಿಂದು ನಿಂತು ನೋಡಿ, "ಅಪ್ಪಾ, ಪ್ಲೀಸ್, ಮೆಕಾನಿಕ್‌ಕಿಟ್ಟ ಕುಡುತ್ತುಡುಂಗಪ್ಪಾ," ಅಂದಳು, ಮೆಕಾನಿಕ್ಕಿಗೆ ಕೊಟ್ಟುಬಿಡಿ ಅಂತ, ತಮಿಳಿನಲ್ಲಿ. ಕೊಟ್ರಪ್ಪ ಕನ್ನಡಕ ಮೇಲೇರಿಸಿ, "ಪತ್ತೆ ಹಚ್ಚಾಕತ್ತೀನಿ, ನಡುವ ಮಾತಾಡಬ್ಯಾಡ," ಅಂದ. ಪತ್ತೇದಾರರೆಲ್ಲ ಹಾಗೇ ಅನ್ನುವುದು.

ಈ ರೋಗಕ್ಕೆ ಮೂಲ ಯಾರು ಅಂತ ನಾನು ಹೇಳಿಬಿಡುತ್ತೇನೆ. ಕೊಟ್ರಪ್ಪನೇ. ದೀಪಾವಳಿಗೆ ಮುಂಚೆ, ಮಾವ ಯಾವತ್ತಾದರೂ ಬಾನೆಟ್ ಎತ್ತಿ ನೋಡಿದರೆ ಖುಷಿಪಡಲಿ ಅಂತ, ಒಳಗೆಲ್ಲ ಬ್ರಷ್ ಹಿಡಿದು ಬೆಳ್ಳಿ ಬಣ್ಣ ಬಳಿದಿದ್ದ. ಬ್ಯಾಟರಿಯಿಂದ ಬರುವ ಒಂದು ದಪ್ಪ ತಂತಿ ಕಾರಿನ ಮೈಗೆ ಬೋಲ್ಟಿನಲ್ಲಿ ಕೂತಿರುತ್ತದೆ. ಅದಕ್ಕೇ ಬಾಡಿ ಅರ್ತ್ ಅನ್ನುವುದು. ಕರೆಂಟು ಕೆಲಸ ಮುಗಿಸಿ ವಾಪಸು ಮನೆಗೆ ಹೋಗುವ ದಾರಿ ಅದು. ನಮ್ಮವನು ಆ ಬೋಲ್ಟನ್ನೂ ಬಿಚ್ಚಿ, ಅದರಡಿಯೂ ಎರಡು ಕೋಟ್ ಹೊಡೆದು, ಅಚ್ಚುಕಟ್ಟಾಗಿ ಮುಚ್ಚಿದ್ದ. ದಾರಿಗೆ ಬಣ್ಣದ ಗೋಡೆ ಎದ್ದಮೇಲೆ ಕರೆಂಟು ಏನು ಮಾಡಬೇಕು? ಸಿಕ್ಕ ಸಿಕ್ಕ ಸಂದಿಯಲ್ಲಿ ನುಗ್ಗುತ್ತಿತ್ತು. ಇಂಡಿಕೇಟರ್ ಮನೆಯಲ್ಲಿ ಹೊಕ್ಕು ವೈಪರ್ ಮನೆಯಲ್ಲಿ ಹೊರಡುತ್ತಿತ್ತು.

ಭಾನುವಾರ ಬಂತು. ಹೊಸಪೇಟೆಯ ಹಿರಿಯರೂ ಬಂದರು. ಹಣೆತುಂಬ ವಿಭೂತಿ, ಬಿಳಿ ಪಂಚೆ. ರೈಲಿನಲ್ಲಿ ನಿದ್ದೆ ಬಂದಿರಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಬೆನ್ನು ತಟ್ಟಿ, ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಒರಗಿದರು. ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡರು. "ಮನಿ ಬಂದ ಮ್ಯಾಲೆ ಎಬ್ಬಸ್ರಿ," ಅಂದವರೇ ಟವೆಲನ್ನು ಎದೆಯ ಮೇಲೆ ಎಳೆದುಕೊಂಡು ನಿದ್ದೆ ಹೋದರು. ಆ ಯಂತ್ರ ತೆಗೆದರೆ ಮದ್ದಿನ ಮನೆ ಸಿಡಿದರೂ ಅವರಿಗೆ ಕೇಳದು.

ಮೌಂಟ್ ರೋಡ್ ದಾಟಿತು. ರಾಯಪೇಟ್ಟೆ ದಾಟಿತು. ಇನ್ನೇನು ಲಸ್ ಕಾರ್ನರ್ ಬರಬೇಕು, ಸಿಗ್ನಲ್ಲಿನಲ್ಲಿ ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಕೊಟ್ರಪ್ಪ ಇಳಿದು, ಒಬ್ಬ ಆಟೋದವನನ್ನು ಸೇರಿಸಿಕೊಂಡು, ಚರಂಡಿ ಕೆಲಸಕ್ಕೆ ಅಗೆದಿದ್ದ ಉದ್ದನೆಯ ಗುಂಡಿಯ ಪಕ್ಕಕ್ಕೆ ತಳ್ಳಿ ನಿಲ್ಲಿಸಿದ. ಹಿಂದೆ ನೋಡಿದ. ಮಾವ ಬಾಯಿ ತೆರೆದು ಮಲಗಿದ್ದರು. ಅವರು ಏಳುವುದರೊಳಗೆ ಗಾಡಿ ಎದ್ದರೆ ಉಳಿಯಿತು, ಇಲ್ಲವಾದರೆ ಅಡ್ಯಾರು.

ಎಲ್ಲ ಸ್ವಿಚ್ಚು ಹಾಕಿಟ್ಟು, ಮಲ್ಟಿಮೀಟರಿನ ಕರಿ ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ಕಡ್ಡಿ ಕಾರಿನ ಮೈಗೆ ಇಟ್ಟ. ಸೊನ್ನೆ ತೋರಿಸಬೇಕಾದ ಡಬ್ಬಿ ಎಂಟು ವೋಲ್ಟ್ ತೋರಿಸಿತು. ಕೊಟ್ರಪ್ಪ ಇನ್ನೊಮ್ಮೆ ಇಟ್ಟ. ಮತ್ತೆ ಎಂಟು. ಬೆಳ್ಳಿ ಬಣ್ಣದ ಬೋಲ್ಟು ನೋಡಿದ. ವಿಡಿಯೋದಲ್ಲಿ ಕೇಳಿದ ಮಾತು ನೆನಪಾಯಿತು. "ಬಾಡಿ ಅರ್ತ್!" ಅಂತ ನಡುರಸ್ತೆಯಲ್ಲಿ ಕೂಗಿಯೇಬಿಟ್ಟ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಒಂದು ವಿಷಯ ಪೂರ್ತಿ ಅರ್ಥವಾಗಿತ್ತು. ಸ್ಪ್ಯಾನರ್ ಇತ್ತು. ಬಣ್ಣ ಕೆರೆಯಲು ಉಪ್ಪುಕಾಗದ ಇರಲಿಲ್ಲ. ಭಾನುವಾರ ಹಾರ್ಡ್‌ವೇರ್ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.

ಆಗ ಅವನು ಫೋನ್ ಮಾಡಿದ್ದು ಕಿಟ್ಟಣ್ಣನಿಗೆ. ಕಿಟ್ಟಣ್ಣ ಕುಂದಾಪುರದ ಕಡೆಯವರು, ಕೊಟ್ರಪ್ಪನ ಬೀದಿಯ ತುದಿಯಲ್ಲಿ ಅವರ ಹೋಟೆಲು. ಬಹಳ ಒಳ್ಳೆಯ ಮನಸ್ಸು. ಯಾರಿಗೆ ಏನಾದರೂ ಮೊದಲು ಕಣ್ಣೀರು ಬರುವುದು ಅವರಿಗೆ.

"ಕಿಟ್ಟಣ್ಣಾರ, ಸ್ಟೇಷನ್ನಿಂದ ಬರೋವಾಗ ದಾರ್ಯಾಗ ಮಾವಾರು ಆಫ್ ಆಗಿಬಿಟ್ರು."

"ಅಯ್ಯೋ ದೇವರೇ! ಎಂತ ಆಯ್ತು ಮಾರಾಯ್ರೆ?"

"ಏನಿಲ್ಲ, ಸಿಗ್ನಲ್‌ನಾಗ ಎರಡು ಸಲ ಕೆಮ್ಮಿದ್ರು, ತಣ್ಣಗಾದ್ರು."

"ಡಾಕ್ಟ್ರಿಗೆ ತೋರಿಸ್ಲಿಲ್ವಾ?"

ಲಸ್ಸಿನ ಹತ್ತಿರ 'ಕಾರ್ ಡಾಕ್ಟರ್' ಅಂತ ಬೋರ್ಡು ಹಾಕಿಕೊಂಡ ಒಬ್ಬ ಮೆಕಾನಿಕ್ ಇದ್ದ. ಕೊಟ್ರಪ್ಪನಿಗೆ ಅವನೇ ನೆನಪಾದ. "ಡಾಕ್ಟ್ರು ಯಾಕ್ರಿ? ನಾನ ಚೆಕ್ ಮಾಡೀನಿ. ಬಾಡಿ ಅರ್ತ್ ಮಾಡಿದ್ರ ಮುಗೀತು. ಇಲ್ಲೇ ರೋಡ್ ಸೈಡಿನಾಗ ಮಾಡಿ ಮುಗಿಸಿಬಿಡ್ತೀನಿ."

"ರೋಡ್ ಸೈಡಲ್ಲಾ!"

"ಮತ್ತ ಮನಿತನಕ ಎಳ್ಕೊಂಡು ಹೋಗ್ಲೇನು? ಉಮಾಗ ಗೊತ್ತಾಗಬಾರದು, ನೋಡ್ರಿ. ಕುಮಾರಸ್ವಾಮಿಗಂತೂ ಸುಳಿವ ಸಿಗಬಾರದು. ನೀವೊಂದು ಸ್ವಲ್ಪ ಉಪ್ಪುಕಾಗದ ತಗೊಂಡು ಜಲ್ದಿ ಬರ್ರಿ."

ಕಿಟ್ಟಣ್ಣ ಫೋನ್ ಕೆಳಗಿಟ್ಟು ಲೆಕ್ಕ ಹಾಕಿದರು. ಅರ್ತ್ ಅಂದರೆ ಮಣ್ಣು. ಅಷ್ಟು ಇಂಗ್ಲಿಷು ಅವರಿಗೆ ಬರುತ್ತಿತ್ತು. ಕೊಟ್ರಪ್ಪನವರ ಪೈಕಿಯಲ್ಲಿ ಸುಡುವ ಪದ್ಧತಿ ಇಲ್ಲ, ಮಣ್ಣು ಮಾಡುತ್ತಾರೆ, ಗುಂಡಿಗೆ ವಿಭೂತಿ ಉಪ್ಪು ಎಲ್ಲ ಹಾಕುತ್ತಾರೆ ಅನ್ನುವುದನ್ನೂ ಅವರು ಒಮ್ಮೆ ಕಣ್ಣಾರೆ ಕಂಡಿದ್ದರು. ಉಪ್ಪು ಸರಿ, ಕಾಗದ ಎಂತಕ್ಕೆ? ಸರ್ಟಿಫಿಕೇಟಿಗೆ ಇರಬೇಕು. ಆದರೆ ಹೆತ್ತ ಮಗಳಿಗೆ ಹೇಳದೆ ರಸ್ತೆ ಬದಿಯಲ್ಲಿ ಹೂಳುವುದೆಂದರೆ? "ಪಾಪ, ಮನುಷ್ಯನಿಗೆ ತಲೆ ನಿಂತಿಲ್ಲ," ಅಂತ ಹೆಂಡತಿ ವಿನೋದಾಗೆ ಗುಟ್ಟಾಗಿ ಹೇಳಿದರು. ಯಾರಿಗೂ ಹೇಳಬೇಡ ಅಂತ ತಾಕೀತು ಮಾಡಿದರು. ಮನೆಯ ಗಂಡಸು ಒಬ್ಬರಾದರೂ ಇರಲಿ ಅಂತ ಕುಮಾರಸ್ವಾಮಿಗೆ ಮಾತ್ರ ಒಂದು ಫೋನ್ ಹಾಕಿದರು. ಹೋಟೆಲಿನ ಉಗ್ರಾಣದಿಂದ ಕಲ್ಲುಪ್ಪಿನ ಚೀಲ ಎತ್ತಿ ಸ್ಕೂಟರಿನ ಮುಂದೆ ಇಟ್ಟುಕೊಂಡರು. ಯಾವ ಕಾಗದ ಅಂತ ತಿಳಿಯದೆ, ಬಿಳಿ ಹಾಳೆ ಒಂದಿಷ್ಟು, ಪಾರ್ಸಲ್ ಕಟ್ಟುವ ಕಾಗದ ಒಂದಿಷ್ಟು ತುರುಕಿಕೊಂಡು ಹೊರಟರು.

ವಿನೋದಾ ಮಾತಿಗೆ ತಪ್ಪುವವರಲ್ಲ. ಯಾರಿಗೂ ಹೇಳಲಿಲ್ಲ, ಕೊಟ್ರಪ್ಪನ ಮೇಲಿನ ಮನೆಯ ಜಯಲಕ್ಷ್ಮೀಗೆ ಬಿಟ್ಟು. ಜಯಲಕ್ಷ್ಮೀ ಮೆಟ್ಟಿಲಿಳಿದು ಬಂದು, ರೊಟ್ಟಿ ತಟ್ಟುತ್ತಿದ್ದ ಉಮಾಮಹೇಶ್ವರಿಯ ಹಿಟ್ಟಿನ ಕೈಯನ್ನೇ ಹಿಡಿದುಕೊಂಡರು.

"ಮನಸ್ಸ ತೈರಿಯಮಾ ವೆಚ್ಚುಕ್ಕೋಂಗೊ ಉಮಾ. ಯೆಲ್ಲಾರ್ ವೀಟ್ಲಯುಂ ವರದುದಾನ್." ಎಲ್ಲರ ಮನೆಯಲ್ಲೂ ಬರುವಂಥದ್ದೇ, ಧೈರ್ಯ ತಂದುಕೊಳ್ಳಿ ಅಂತ.

ಉಮಾಮಹೇಶ್ವರಿ ಆಶ್ಚರ್ಯದಿಂದ ನೋಡಿದಳು. "ಧೈರ್ಯನಾ? ನಮ್ಮನೆಯವರು ವೈರಿಂಗಿಗೆ ಕೈ ಹಾಕಿದ ದಿನಾನೇ ತಂದುಕೊಂಡೆ ಮಾಮಿ," ಅಂತ ತಮಿಳಿನಲ್ಲಿ ಹೇಳಿ, "ಕಾಪಿ ಸಾಪ್ಪಿಡ್ರೀಂಗಳಾ?" ಅಂದಳು. ಆಕೆಯ ಗಟ್ಟಿತನ ಕಂಡು ಜಯಲಕ್ಷ್ಮೀ ಸೆರಗಿನಿಂದ ಕಣ್ಣೊರೆಸಿಕೊಂಡು ಕಾಫಿ ಕುಡಿದರು.

ಇತ್ತ ರಸ್ತೆಯಲ್ಲಿ ಟ್ರಾಫಿಕ್ ಪೊಲೀಸಿನವರೊಬ್ಬರು ಬಂದಿದ್ದರು. "ಎನ್ನ ಸಾರ್, ವಂಡಿ ನಿನ್ನುಡುಚ್ಚಾ?" ಗಾಡಿ ನಿಂತುಹೋಯಿತಾ ಅಂತ.

"ಬಾಡಿ ಅರ್ತ್ ಪೋಚ್ಚು ಸಾರ್. ಇಪ್ಪೋ ಮುಡಿಚ್ಚಿಡುವೇನ್," ಅಂದ ಕೊಟ್ರಪ್ಪ, ಈಗಲೇ ಮುಗಿಸಿಬಿಡುತ್ತೇನೆ ಅಂತ. ಪೊಲೀಸಿನವರ ಹತ್ತಿರವೂ ಹಳೇ ಗಾಡಿ ಇತ್ತೋ ಏನೋ, ತಲೆಯಾಡಿಸಿ, "ಸೀಕ್ರಂ," ಅಂತ ಅವಸರಪಡಿಸಿದರು. ಹಿಂದಿನ ಸೀಟಿಗೆ ಕಣ್ಣು ಹಾಯಿಸಿ, "ಅದು ಯಾರು?" ಅಂತ ತಮಿಳಿನಲ್ಲಿ ಕೇಳಿದರು.

"ಮಾಮನಾರ್ ಸಾರ್. ತೂಂಗರಾರ್."

ಅಷ್ಟರಲ್ಲಿ ಕಿಟ್ಟಣ್ಣನ ಸ್ಕೂಟರು ಬಂತು. ಅವರ ಕಣ್ಣಿಗೆ ಬಿದ್ದದ್ದು ಮೊದಲು ಗುಂಡಿ, ಆಮೇಲೆ ಟವೆಲು ಹೊದ್ದ ಅಂದಾನೆಪ್ಪ, ಕೊನೆಗೆ ಮೈಕೈ ಕಪ್ಪಾಗಿ ಬೆವರುತ್ತಿದ್ದ ಕೊಟ್ರಪ್ಪ. "ಗುಂಡಿ ಬೇರೆ ತೋಡಿ ಆಯ್ತಾ!" ಅಂದವರೇ ಚೀಲ ಇಳಿಸಿ ಬಿಕ್ಕತೊಡಗಿದರು.

ಕೊಟ್ರಪ್ಪ ಚೀಲ ನೋಡಿದ. "ಉಪ್ಪು ಯಾಕ್ರಿ ತಂದ್ರಿ? ಉಪ್ಪುಕಾಗದ ಅಂದೆ ನಾನು!"

"ಕಾಗದವೂ ಉಂಟು," ಅಂತ ಕಿಟ್ಟಣ್ಣ ಬಿಳಿ ಹಾಳೆ ಚಾಚಿದರು.

"ಹಾಳಾಗ್ಲಿ, ಉಪ್ಪರ ಕೊಡ್ರಿ!" ಕೊಟ್ರಪ್ಪ ಎರಡು ಹಿಡಿ ಕಲ್ಲುಪ್ಪನ್ನು ಬಟ್ಟೆಯಲ್ಲಿ ಹಾಕಿ ಗಂಟು ಕಟ್ಟಿ, ಬಾನೆಟ್ಟಿನೊಳಗೆ ತಲೆ ತೂರಿಸಿ ಬಣ್ಣ ತಿಕ್ಕತೊಡಗಿದ. ಆಮೇಲೆ ಅವನಿಗೆ ಲೋಕ ಇಲ್ಲ.

ಪೊಲೀಸಿನವರು ಉಪ್ಪು ನೋಡಿದರು, ಗುಂಡಿ ನೋಡಿದರು, ಅಳುವ ಕಿಟ್ಟಣ್ಣನನ್ನು ನೋಡಿದರು. "ತೂಂಗರಾರ್ನು ಸೊನ್ನಾರೇ?" ಅಂತ ಕೇಳಿದರು, ಮಲಗಿದ್ದಾರೆ ಅಂದರಲ್ಲ ಅಂತ.

ಕಿಟ್ಟಣ್ಣ ತಮ್ಮ ತಲೆಯ ಪಕ್ಕ ಬೆರಳು ತಿರುಗಿಸಿ ತೋರಿಸಿದರು. "ಅತಿರ್ಚ್ಚಿ ಸಾರ್. ಪಾವಂ. ಅಪ್ಪಡಿದಾನ್ ಸೊಲ್ರಾರ್." ಆಘಾತಕ್ಕೆ ಪಾಪ ಹಾಗೆ ಅನ್ನುತ್ತಿದ್ದಾರೆ ಅಂತ ತಿಳಿದ ಪೊಲೀಸಿನವರು ಟೋಪಿ ತೆಗೆದರು. ಸುತ್ತ ಜನ ಸೇರಿದರು. ಹೂವಿನ ಬುಟ್ಟಿಯವಳೊಬ್ಬಳು ಬುಟ್ಟಿ ಕೆಳಗಿಟ್ಟು ಕೈ ಮುಗಿದಳು.

ಕುಮಾರಸ್ವಾಮಿ ಬಂದದ್ದು ಅಚ್ಚ ಬಿಳಿ ಬಟ್ಟೆಯಲ್ಲಿ, ಕೈಯಲ್ಲಿ ದೊಡ್ಡ ಗುಲಾಬಿ ಹಾರ. ಹೆಂಡತಿ ಜ್ಯೋತಿ ಯಾವುದೋ ಮದುವೆಗೆ ಊರಿಗೆ ಹೋಗಿದ್ದಳು. ಆಕೆಗೆ ಹೇಳುವುದಕ್ಕೆ ಮುಂಚೆ ನೋಡಬೇಕಾದ್ದನ್ನು ನೋಡಿಕೊಳ್ಳೋಣ ಅಂತ ಓಡಿಬಂದಿದ್ದ. ಹಿಂದಿನ ಬಾಗಿಲು ತೆಗೆದು, ಕಣ್ಣು ಮುಚ್ಚಿಕೊಂಡು, ಹಾರವನ್ನು ಮಾವನ ಎದೆಯ ಮೇಲೆ ಮೆಲ್ಲಗೆ ಇಟ್ಟ. ಎರಡು ನಿಮಿಷ ದುಃಖಪಟ್ಟ. ಆಮೇಲೆ ಅವನ ಕಣ್ಣು ಡ್ಯಾಶ್‌ಬೋರ್ಡಿಗೆ ಹೋಯಿತು.

"ಸಾರ್, ಬಾಡೀನ ಆಂಬ್ಯುಲೆನ್ಸ್‌ನಾಗ ಕಳಸೋಣ," ಅಂತ ಕಿಟ್ಟಣ್ಣನಿಗೆ ಕನ್ನಡದಲ್ಲಿ, ಪೊಲೀಸಿನವರಿಗೆ ತಮಿಳಿನಲ್ಲಿ ಹೇಳಿದ. "ಗಾಡಿ ಮಾತ್ರ ನಾನ ಒಯ್ತೀನಿ. ಮಾವಾರ ಕಡೀ ಆಸೆ ಅದು. ಇಲ್ಲೇ ಬಿಟ್ರ ಯಾರಾದ್ರೂ ಎತ್ಕೊಂಡು ಹೋಗ್ತಾರ." ಹೇಳುತ್ತ ಹೇಳುತ್ತ ಡ್ರೈವರ್ ಸೀಟಿನಲ್ಲಿ ಕೂತೇಬಿಟ್ಟ. ಸ್ಟಿಯರಿಂಗ್ ಸವರಿದ. ಕೀ ಇದ್ದಲ್ಲೇ ಇತ್ತು.

ಪೊಲೀಸಿನವರು, ಏನೇ ಆಗಲಿ ನಾಡಿ ನೋಡಿಬಿಡೋಣ ಅಂತ ಅಂದಾನೆಪ್ಪನವರ ಕೈ ಹಿಡಿದರು. ಬಾನೆಟ್ಟಿನೊಳಗೆ ಕೊಟ್ರಪ್ಪ, ಬಣ್ಣ ಹೋಗಿ ಫಳಫಳ ಹೊಳೆಯುವ ತಗಡಿನ ಮೇಲೆ ಬೋಲ್ಟನ್ನು ಕೊನೆಯ ಸುತ್ತು ಬಿಗಿದ. ಕುಮಾರಸ್ವಾಮಿ ಕೀ ತಿರುಗಿಸಿದ.

ಇಷ್ಟು ದಿನ ದಾರಿ ಸಿಗದೆ ಅಲೆಯುತ್ತಿದ್ದ ಕರೆಂಟಿಗೆ ಒಂದೇ ಏಟಿಗೆ ರಾಜಮಾರ್ಗ ಸಿಕ್ಕಿತು. ಹೆಡ್‌ಲೈಟು ಝಗ್ಗೆಂದವು. ವೈಪರುಗಳು ರಪರಪ ಬಡಿದವು. ರೇಡಿಯೋ ಕಿರುಚಿತು. ಎಂಜಿನ್ನು ಗುಡುಗಿತು. ಬೆದರಿದ ಕುಮಾರಸ್ವಾಮಿಯ ಮೊಣಕೈ ಹಾರ್ನಿನ ಮೇಲೆ ಬಿದ್ದು, ಲಸ್ ಕಾರ್ನರಿನ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಕಿವಿ ಕೇಳದಿದ್ದರೇನು, ಸೀಟು ನಡುಗಿತಲ್ಲ! ಅಂದಾನೆಪ್ಪನವರು ಎದ್ದು ಕೂತರು. ನಾಡಿ ಹಿಡಿದಿದ್ದ ಕೈಯನ್ನು ತಿರುಗಿ ಗಟ್ಟಿಯಾಗಿ ಹಿಡಿದುಕೊಂಡು, "ಮನಿ ಬಂತೇನು?" ಅಂದರು.

ಪೊಲೀಸಿನವರು "ಮುರುಗಾ!" ಅಂದರು. ಜನ ಎತ್ತ ಓಡಿದರೋ ಗೊತ್ತಿಲ್ಲ. ಹೂವಿನವಳು ಬುಟ್ಟಿಯನ್ನು ಬಿಟ್ಟೇ ಹೋದಳು. ಕಿಟ್ಟಣ್ಣ ಉಪ್ಪಿನ ಚೀಲವನ್ನು ತಬ್ಬಿಕೊಂಡು ಅಲ್ಲೇ ಕೂತರು.

"ಹೊಂಟ್ರು! ಹೊಂಟ್ರು! ಬಾಡಿ ಅರ್ತ್ ಮಾಡಿದೆ ರೀ ಮಾವಾರ! ನಾನ ಮಾಡಿದೆ!" ಅಂತ ಕೊಟ್ರಪ್ಪ ಸ್ಪ್ಯಾನರ್ ಎತ್ತಿ ಕುಣಿಯುತ್ತ ಬಂದ. ಬಂದವನು ಸುತ್ತ ನೋಡಿ, "ಇವರೆಲ್ಲ ಯಾಕ ಹಿಂಗ ಓಡಿದ್ರು?" ಅಂದ.

ಅಂದಾನೆಪ್ಪನವರು ಜೇಬಿನಿಂದ ಯಂತ್ರ ತೆಗೆದು ಕಿವಿಗೆ ಹಾಕಿಕೊಂಡರು. ಎದೆಯ ಮೇಲಿನ ಹಾರ ನೋಡಿ ಮೊದಲು ಖುಷಿಯಾದರು. ಸ್ವಾಗತಕ್ಕೆ ಅಂದುಕೊಂಡರು. ಆಮೇಲೆ ಉಪ್ಪು ಕಂಡಿತು. ಉಪ್ಪಿನ ಪಕ್ಕದ ಗುಂಡಿ ಕಂಡಿತು. ಅವರ ಮನೆತನದಲ್ಲಿ ಈ ಮೂರರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಯಾರು ಹೋದ್ರು?" ಅಂದರು.

ಕಿಟ್ಟಣ್ಣ ಕೈ ಮುಗಿದು, "ಮಾವಾರು ಆಫ್ ಆದ್ರು, ಬಾಡಿ ಅರ್ತ್ ಮಾಡ್ಬೇಕು ಅಂತ ಫೋನಲ್ಲಿ ಹೇಳಿದ್ರು ಸ್ವಾಮಿ, ನಾನು ನಿಮ್ಮನ್ನೇ ಅಂದ್ಕೊಂಡೆ," ಅಂದರು. ಕೊಟ್ರಪ್ಪನ ಕೈಯಿಂದ ಸ್ಪ್ಯಾನರ್ ಜಾರಿತು. ಅವನ ಮುಖ ಆಗ ನೋಡಬೇಕಿತ್ತು. ಗಾಡಿ ದಾರಿಯಲ್ಲಿ ನಿಂತದ್ದೂ ಬಯಲಾಯಿತು, ಮಾವನನ್ನು ಸಾಯಿಸಿದ್ದೂ ಬಯಲಾಯಿತು.

ಅಂದಾನೆಪ್ಪನವರು ನಿಧಾನಕ್ಕೆ ಡ್ರೈವರ್ ಸೀಟಿನ ಕಡೆ ತಿರುಗಿದರು. ಅಲ್ಲಿ ಕುಮಾರಸ್ವಾಮಿ ಇನ್ನೂ ಸ್ಟಿಯರಿಂಗ್ ಹಿಡಿದೇ ಕೂತಿದ್ದ.

"ಸಣ್ಣ ಅಳಿಯಾರ, ನನ್ನ ಹೆಣದ ಮುಂದ ಕುಂತು ಗಾಡಿ ಟ್ರಯಲ್ ನೋಡಾಕತ್ತಿದ್ರೇನು?"

"ಇಲ್ಲ ಮಾವಾರ, ನಾನು... ಬ್ಯಾಟರಿ..."

"ಇಳೀರಿ."

ಇಳಿದ. ಬಿಳಿ ಬಟ್ಟೆಗೆ ಸೀಟಿನ ಧೂಳು ಅಂಟಿತ್ತು. ತನ್ನ ಹೊಸ ಕಾರಿನ ಕಡೆ ಹೋಗುವಾಗ ಹಾರದ ಬಗ್ಗೆ ಒಂದು ಮಾತು ಆಡಬೇಕೋ ಬೇಡವೋ ಅಂತ ತಿರುಗಿ ನೋಡಿ, ಬೇಡ ಅಂದುಕೊಂಡ.

ಮುದುಕರು ಬಾನೆಟ್ಟಿನ ಹತ್ತಿರ ಬಂದು ಬಗ್ಗಿದರು. ಎಲ್ಲೆಲ್ಲೂ ಬೆಳ್ಳಿ ಬಣ್ಣ, ನಡುವೆ ಕೆರೆದು ಬೋಳಾದ ಒಂದು ಜಾಗ. ಮೂವತ್ತು ವರ್ಷ ಆ ಗಾಡಿ ಓಡಿಸಿದವರಿಗೆ ಒಂದೇ ನೋಟ ಸಾಕಾಯಿತು. "ಬಣ್ಣ ಬಳದವರು ಯಾರು?"

ಕೊಟ್ರಪ್ಪ ನೆಲ ನೋಡಿದ. "ನಾನ ರೀ. ನೀವು ನೋಡಿದ್ರ ಖುಷಿಪಡ್ತೀರಿ ಅಂತ ಬಳದೆ." ಕಾರಿನ ಮೇಲೆ ಕೈ ಇಟ್ಟ. "ಒಯ್ಯಬ್ಯಾಡ್ರಿ ಮಾವಾರ. ಅವರನ್ನ ಬಿಟ್ಟು ನಂಗ ಇರಾಕ ಆಗಂಗಿಲ್ಲ."

ಅಂದಾನೆಪ್ಪನವರು ಅಳಿಯನ ಮಸಿ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದರು. ಕಿವಿಯ ಯಂತ್ರ ಕುಂಯ್‌ಗುಟ್ಟಿತು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, ಅಳಿಯನ ಹೆಗಲ ಮೇಲೆ ಕೈ ಇಟ್ಟರು.

"ಗಾಡಿ ನಿಮ್ಮ ಹತ್ರನ ಇರ್ಲಿ, ದೊಡ್ಡ ಅಳಿಯಾರ. ನಿಮ್ಮಷ್ಟು ಜೀವ ಯಾರೂ ಇಟ್ಟಿಲ್ಲ."

ಕೊಟ್ರಪ್ಪ ಅಲ್ಲೇ ಬಗ್ಗಿ ಕಾಲು ಮುಟ್ಟಿದ. ಪಂಚೆಯ ಅಂಚಿನ ಮೇಲೆ ಅವನ ಹತ್ತೂ ಬೆರಳು ಕಪ್ಪಗೆ ಮೂಡಿದವು.

ಹಿರಿಯರು ಪಂಚೆ ನೋಡಿಕೊಂಡರು. ಗುಂಡಿಯನ್ನು ಇನ್ನೊಮ್ಮೆ ಇಣುಕಿ, ಅದರ ಆಳವನ್ನು ಮನಸ್ಸಿನಲ್ಲೇ ಅಂದಾಜು ಮಾಡಿದರು.

"ಆದ್ರ ನಾ ಊರಿಗೆ ಹೋಗೋ ದಿನ ಸ್ಟೇಷನ್ನಿಗೆ ನನಗೊಂದು ಆಟೋ ಹೇಳ್ರಿ," ಅಂದರು.